ಮಂತ್ರಕ್ಕೊಂದು ಪಥ್ಯ

ಒಂದು ಮಂತ್ರ ಕಲಿಯಲು ಮಾಂತ್ರಿಕ ಏನು ಕೊಡಬೇಕು ಎಂಬ ಪ್ರಶ್ನೆಗಾಗಿ ನಾನು ಒಮ್ಮೆ ಗಿರಣಿಯ ಜರಡಿ ಎತ್ತಿ ಗೆಳೆಯನ ಮೇಲೆ ಎಸೆದಿದ್ದೇನೆ. ಈಗ ಹೇಳಲು ನಾಚಿಕೆ. ಆಗ ನನಗೆ ಇಪ್ಪತ್ತಾರು ವರ್ಷ. ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಮೊರಬದಿಂದ ಎರಡು ಹರದಾರಿ ದೂರ, ಸುತ್ತಲೂ ಎರೆಹೊಲ, ದಿನಕ್ಕೆ ಮೂರು ಬಸ್ಸು.

ಜರಡಿಯ ಏಟು ತಿಂದ ಗೆಳೆಯ ಊರಿನ ಹಿಟ್ಟಿನ ಗಿರಣಿಯವನು. ಪುಣೆಗೆ ಇಂಜಿನಿಯರಿಂಗ್ ಓದಲು ಹೋಗಿ, ಎರಡು ವರ್ಷಕ್ಕೆ ವಾಪಸ್ ಬಂದು, ಅಪ್ಪನ ಗಿರಣಿಯಲ್ಲಿ ಕೂತವನು. ಪುಣೆಯಿಂದ ಅವನು ತಂದದ್ದು ಎರಡೇ: ಒಂದು ಕೆಟ್ಟ ಕೆಮ್ಮು ಮತ್ತು ಹಾಸ್ಟೆಲಿನಲ್ಲಿ ಯಾರದೋ ಕೈಯಿಂದ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಪ್ರತಿ. ಅದು ಒಂದು ಆಟದ ಪುಸ್ತಕ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಕೂರುತ್ತಾರೆ. 'ಮುಂದೊಂದು ಗವಿ ಐತಿ, ಏನ್ ಮಾಡ್ತೀರಿ?' ಎಂದು ಅವನು ಕೇಳಬೇಕು, ನಾವು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಇಪ್ಪತ್ತು ಮುಖದ ದಾಳ ನಮ್ಮಲ್ಲೆಲ್ಲಿ ಬರಬೇಕು? ಇಪ್ಪತ್ತು ಹುಣಸೆಬೀಜಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದು ಡಬ್ಬಿಯಲ್ಲಿ ಹಾಕಿದ್ದೆವು. ಕಣ್ಣು ಮುಚ್ಚಿ ಒಂದು ತೆಗೆಯುವುದು.

ಭಾನುವಾರ ಮಧ್ಯಾಹ್ನ ಕರೆಂಟ್ ಹೋದರೆ ನಾಲ್ಕೈದು ತಾಸು ಬರುತ್ತಿರಲಿಲ್ಲ. ಹೆಂಗಸರು ಜೋಳದ ಬುಟ್ಟಿ ಸಾಲಿಗೆ ಇಟ್ಟು, ಹೊರಗಿನ ಕಟ್ಟೆಯ ಮೇಲೆ ಮಾತಾಡುತ್ತ ಕೂರುತ್ತಿದ್ದರು. ಒಳಗೆ, ನಿಂತ ಬೀಸುಕಲ್ಲಿನ ಪಕ್ಕದಲ್ಲಿ ನಮ್ಮ ಆಟ. ಗಿರಣಿಯವನು ಕತೆ ನಡೆಸುವವನು. ಊರಿನ ಪೋಸ್ಟ್‌ಮನ್ ಕತ್ತಿ ಹಿಡಿದ ಸೈನಿಕ. ಅವನು ನಿಜದಲ್ಲಿ ನಾಯಿ ಕಂಡರೆ ಸೈಕಲ್ ತಿರುಗಿಸುವವನು. ನಾನು ಮಾಂತ್ರಿಕ. ನಾಲ್ಕನೆಯವರು ಕಾಕಾ, ಬೇಟೆಗಾರನ ಪಾತ್ರ. ಕಾಕಾ ನನಗೆ ರಕ್ತಸಂಬಂಧಿಯಲ್ಲ, ನಮ್ಮಪ್ಪನ ಗೆಳೆಯ. ಕುರಿ ಕಾಯ್ದ ಮನೆತನ, ವಯಸ್ಸು ಅರವತ್ತರ ಹತ್ತಿರ. ಒಂದು ಭಾನುವಾರ ಜೋಳ ಬೀಸಿಸಲು ಬಂದವರು ಆಟ ನೋಡಿ, 'ಇದೇನ್ರೋ, ಬಯಲಾಟ ಕುಂತು ಆಡಾಕ್ಹತ್ತೀರಿ?' ಎಂದು ಕೇಳಿ, ಹಾಗೇ ಕೂತುಬಿಟ್ಟರು.

ಜಗಳ ಆದದ್ದು ಮಾಂತ್ರಿಕನ ಖರ್ಚಿನ ಬಗ್ಗೆ. ಪುಸ್ತಕದ ಪ್ರಕಾರ ಮಾಂತ್ರಿಕ ಹೊಸ ಮಂತ್ರ ಕಲಿತು ತನ್ನ ಹೊತ್ತಿಗೆಯಲ್ಲಿ ಬರೆದುಕೊಳ್ಳಬೇಕಾದರೆ ನೂರಾರು ಬಂಗಾರದ ನಾಣ್ಯ ತೆರಬೇಕು. ಎಲ್ಲರೂ ಸೇರಿ ಗವಿಯಿಂದ ಗಳಿಸಿದ್ದರಲ್ಲಿ ನನ್ನ ಪಾಲೆಲ್ಲ ಮಂತ್ರಕ್ಕೇ ಹೋಗುತ್ತಿತ್ತು. ಪೋಸ್ಟ್‌ಮನ್ ಮಾತ್ರ ತನ್ನ ಪಾಲಿನಲ್ಲಿ ಕುದುರೆ, ಕವಚ, ಬೆಳ್ಳಿಯ ಗುರಾಣಿ ಎಲ್ಲ ಕೊಂಡು ಮೆರೆಯುತ್ತಿದ್ದ.

'ಕಲಿಯೂದಕ್ಕ ಯಾಕ ತೆರಬೇಕಲೇ?' ಎಂದು ನಾನು ಕೂಗಾಡಿದೆ. 'ಪುಕ್ಕಟ ಮಾಡು.'

'ಪುಕ್ಕಟ ಮಾಡಿದ್ರ ನಾಕ ವಾರದಾಗ ನೀನ ದೇವರಾಗಿ ಕುಂದರ್ತಿ. ಉಳಿದವರು ಏನ್ ಮಾಡಬೇಕು, ನಿನಗ ಆರತಿ ಎತ್ತಬೇಕೇನು?' ಎಂದ ಗಿರಣಿಯವನು.

ಅರ್ಧ ಮಾಡೋಣ ಎಂದ ಪೋಸ್ಟ್‌ಮನ್. ಅರ್ಧವೂ ಇಲ್ಲ, ಪುಸ್ತಕದಲ್ಲಿ ಇದ್ದಂತೆಯೇ ಎಂದ ಗಿರಣಿಯವನು. ಜರಡಿ ಹಾರಿದ್ದು ಆಗಲೇ. ಮುಂದೆ ಎಷ್ಟೋ ವರ್ಷಗಳ ಮೇಲೆ, ಇಂಥ ಆಟ ಆಡುವ ಪಟ್ಟಣದ ಹುಡುಗರ ಪರಿಚಯವಾದಾಗ ತಿಳಿಯಿತು: ಎಲ್ಲ ಗುಂಪಿನಲ್ಲೂ ಈ ಜಗಳ ಆಗುತ್ತದಂತೆ. ಕೆಲವರು ಖರ್ಚು ತೆಗೆದೇಬಿಡುತ್ತಾರೆ, ಕೆಲವರು ಅರ್ಧ ಮಾಡುತ್ತಾರೆ, ಕೆಲವರು ಗುರುವನ್ನು ಹುಡುಕಿಕೊಂಡು ಹೋಗು ಅನ್ನುತ್ತಾರೆ. ನಾವು ಮಾಡಿಕೊಂಡ ನಿಯಮ ಮಾತ್ರ ಬೇರೆ ಯಾರೂ ಮಾಡಿಕೊಂಡಿರಲಿಕ್ಕಿಲ್ಲ.

ಜರಡಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಕಾಕಾ ಹೇಳಿದರು, 'ರೊಕ್ಕ ತಗೊಂಡು ಕಲಿಸಿದ್ದು ಮಂತ್ರ ಆಗೂದಿಲ್ಲ. ಮಂತ್ರಕ್ಕ ಪಥ್ಯ ಇರತೈತಿ. ಅದ ಅದರ ಬೆಲಿ.'

ನಾವು ಮೂವರೂ ಜಗಳ ಬಿಟ್ಟು ಅವರತ್ತ ತಿರುಗಿದೆವು. ಯಾಕೆಂದರೆ ಆ ಗಿರಣಿಯಲ್ಲಿ ಆಟಕ್ಕೆ ಮಾಂತ್ರಿಕ ನಾನಾದರೂ ನಿಜವಾಗಿ ಮಂತ್ರ ಇದ್ದದ್ದು ಕಾಕಾನ ಹತ್ತಿರ. ಸುತ್ತ ನಾಲ್ಕು ಹಳ್ಳಿಯಲ್ಲಿ ಚೇಳು ಕಡಿದವರು, ನಮ್ಮೂರಲ್ಲಿ ಹಾವು ಮುಟ್ಟಿದವರು ಅವರ ಮನೆಗೇ ಬರುತ್ತಿದ್ದರು. ಬೇವಿನ ಸೊಪ್ಪು ಆಡಿಸಿ, ತುಟಿಯಲ್ಲೇ ಏನೋ ಗುನುಗಿ, ಊದುತ್ತಿದ್ದರು. ಒಂದು ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ವಿಜ್ಞಾನದ ಮಾಸ್ತರನಾದ ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದು ನಾನು ಅಂದುಕೊಂಡಿದ್ದೆ.

'ನನಗ ಕಲಿಸಿದಾಕಿ ನಮ್ಮವ್ವನ ತಾಯಿ,' ಎಂದರು ಕಾಕಾ. 'ಗ್ರಹಣ ಹಿಡಿದಾಗ ಬಾವ್ಯಾಗ ಸೊಂಟದ ಮಟ ನೀರಾಗ ನಿಲ್ಲಿಸಿ ಹೇಳಿಕೊಟ್ಲು. ನಿನಗ ಏನ್ ಸೇರ್ತೈತಿ ಅಂತ ಕೇಳಿದ್ಲು. ಹೀರಿಕಾಯಿ ಪಲ್ಯ ಅಂದೆ. ನಾ ಹೀರಿಕಾಯಿಗೆ ಪ್ರಾಣ ಬಿಡ್ತಿದ್ದೆ. ಅದನ್ನ ಬಿಡು ಅಂದ್ಲು. ಮೂವತ್ತೈದು ವರ್ಷ ಆತು, ಬಾಯಾಗ ಇಟ್ಟಿಲ್ಲ. ತಿಂದ ದಿನ ಮಂತ್ರ ಹೋಗತೈತಿ.'

ಗಿರಣಿಯವನಿಗೆ ಅದು ಬಹಳ ಹಿಡಿಸಿತು. ಕೂಡಲೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ನಿಯಮ ಬರೆದ: ಮಾಂತ್ರಿಕ ಕಲಿಯುವ ಒಂದೊಂದು ಮಂತ್ರಕ್ಕೂ, ಅವನ ಪಾತ್ರ ಹಿಡಿದವನು ನಿಜಜೀವನದಲ್ಲಿ ಒಂದು ತಿನಿಸು ಬಿಡಬೇಕು. ಮುರಿದರೆ ಮಂತ್ರ ಹೋಗುತ್ತದೆ. ಏನು ಬಿಡಬೇಕು ಎಂಬುದನ್ನು ಕಾಕಾ ಹೇಳತಕ್ಕದ್ದು. ನಾನು ಹಾಗಲಕಾಯಿ ಬಿಡುತ್ತೇನೆ ಎಂದೆ. ಕಾಕಾ ನಕ್ಕರು.

'ಬ್ಯಾಡಾದ್ದನ್ನ ಬಿಟ್ರ ಅದು ಪಥ್ಯ ಅಲ್ಲೋ ಮಾಸ್ತರ. ಹಂಗ ಬಿಡೂದಾದ್ರ ನಾ ಸೀಮಿಎಣ್ಣಿ ಬಿಡ್ತಿದ್ದೆ.'

ಕತ್ತಲಲ್ಲಿ ಬೆಳಕು ಹುಟ್ಟಿಸುವ ಮಂತ್ರಕ್ಕೆ ನನ್ನ ಶೇಂಗಾದ ಉಂಡೆ ಹೋಯಿತು. ಕಾವಲುಗಾರರಿಗೆ ನಿದ್ದೆ ಬರಿಸುವ ಮಂತ್ರಕ್ಕೆ ಮಿರ್ಚಿ ಭಜಿ ಹೋಯಿತು. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರು ಭಜಿ ತಿನ್ನುವಾಗ ನಾನು ಬರೀ ಚಹಾ ಹಿಡಿದು ನಿಂತು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಆದರೆ ಒಂದು ಮಾತು ನಿಜ. ನಾಣ್ಯ ಕೊಟ್ಟು ಕೊಂಡ ಮಂತ್ರವನ್ನು ನಾನು ಕಂಡಕಂಡಲ್ಲಿ ಪ್ರಯೋಗಿಸುತ್ತಿದ್ದೆ. ಭಜಿ ಬಿಟ್ಟು ಪಡೆದ ಮಂತ್ರವನ್ನು ಮಾತ್ರ ಉಳಿಸಿ ಉಳಿಸಿ ಬಳಸುತ್ತಿದ್ದೆ. ಆಟದ ಗವಿಯೊಳಗೆ ನಿಜವಾದ ಭಯ ಬರತೊಡಗಿತು.

ಮೂರನೆಯ ಮಂತ್ರದ ಹೊತ್ತಿಗೆ ಆಟ ಬಿಗಿಯಾಗಿತ್ತು. ಪೋಸ್ಟ್‌ಮನ್‌ನ ಸೈನಿಕನಿಗೆ ಗವಿಯಲ್ಲಿ ಸರ್ಪ ಕಚ್ಚಿತ್ತು. ಬರುವ ಭಾನುವಾರದೊಳಗೆ ನಾನು ವಿಷ ಇಳಿಸುವ ಮಂತ್ರ ಕಲಿಯದಿದ್ದರೆ ಅವನು ಸತ್ತಂತೆ. ಎರಡು ವರ್ಷ ಕಟ್ಟಿ ಬೆಳೆಸಿದ ಪಾತ್ರ. ಪೋಸ್ಟ್‌ಮನ್ ಮುಖ ಸಣ್ಣದು ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದ.

'ಏನ್ ಬಿಡಬೇಕ್ರಿ ಕಾಕಾ?' ಎಂದು ಕೇಳಿದೆ.

ಕಾಕಾ ಯೋಚಿಸಲೇ ಇಲ್ಲ. 'ಬದನಿಕಾಯಿ. ಎಣ್ಣಿಗಾಯಿ.'

ಎಣ್ಣೆಗಾಯಿ ನನಗೆ ಬರೀ ತಿನಿಸಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಆ ವರ್ಷವೇ ಅಣ್ಣನ ಮದುವೆಯಾಗಿ ವೈನಿ ಮನೆಗೆ ಬಂದಳು. ಹದಿನೇಳರ ಹುಡುಗಿ. ಮೂರು ದಿನ ಉಣ್ಣದೆ ಅಳುತ್ತ ಮಲಗಿದ್ದ ನನ್ನನ್ನು ಎಬ್ಬಿಸಿ, ಬಿಸಿ ರೊಟ್ಟಿಯ ಮೇಲೆ ಅವಳು ಇಟ್ಟುಕೊಟ್ಟದ್ದು ಎಣ್ಣೆಗಾಯಿ. ಅವತ್ತಿನಿಂದ ನನಗೆ ಮೈಯಲ್ಲಿ ಹುಷಾರಿಲ್ಲದಿದ್ದರೂ, ಪರೀಕ್ಷೆ ಪಾಸಾದರೂ, ನೌಕರಿ ಸಿಕ್ಕರೂ ವೈನಿ ಮಾಡುತ್ತಿದ್ದದ್ದು ಅದನ್ನೇ. ಕಾಕಾನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

'ಆತು, ಬಿಟ್ಟೆ,' ಎಂದೆ. ಹೊರಗೆ ಕಟ್ಟೆಯ ಮೇಲೆ ಕೂತ ಹೆಂಗಸರೂ ಕೇಳಿಸಿಕೊಂಡರು.

ಆ ಗುರುವಾರ ಸ್ಕೂಲಿನಿಂದ ಬಂದರೆ ಅಡಿಗೆಮನೆಯಲ್ಲಿ ಎಳೆಯ ಬದನೆಕಾಯಿ ಎಣ್ಣೆಯಲ್ಲಿ ಬೇಯುವ ವಾಸನೆ. ನನಗೆ ಬೇಡ ಎಂದೆ. ವೈನಿ ಕಾರಣ ಕೇಳಿದಳು. ಆಟಕ್ಕೆ ಬಿಟ್ಟಿದ್ದೇನೆ ಎಂದು ಹೇಗೆ ಹೇಳುವುದು? ಹೊಟ್ಟೆ ಸರಿಯಿಲ್ಲ ಎಂದೆ. ವೈನಿಗೆ ಎಲ್ಲ ಗೊತ್ತಾಗಿತ್ತು, ಗಿರಣಿಗೆ ಹೋಗಿ ಬಂದ ಹೆಂಗಸರು ಹೇಳಿದ್ದರು.

'ಶೇಂಗಾ ಉಂಡಿ ಬಿಟ್ಟಿ, ಸುಮ್ಮನಿದ್ದೆ. ಈಗ ನನ್ನ ಕೈಯಾಗಿನ ಅಡಿಗಿನೂ ಬಿಟ್ಟಿ. ನಾಳೆ ನನ್ನೂ ಬಿಡಾಂವ ಇದ್ದೀಯೇನು ತಮ್ಮಾ?' ಎಂದಳು. ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಲೆಯ ಕಡೆ ತಿರುಗಿ ಕೂತಳು.

ನಾನು ತಟ್ಟೆ ಎಳೆದುಕೊಂಡೆ. ಎರಡು ಕಾಯಿ ತಿಂದೆ, ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ವೈನಿ ಬಡಿಸಿದಳು. 'ಯಾರಿಗೂ ಹೇಳಬ್ಯಾಡ ವೈನಿ,' ಎಂದೆ. ಅವಳ ಮುಖದಲ್ಲಿ ಗೆದ್ದ ಕಳೆ ಬಂತು. ಹೇಳುವುದಿಲ್ಲ ಎಂದು ತಲೆಯಾಡಿಸಿದಳು.

ಭಾನುವಾರ ಗಿರಣಿಯಲ್ಲಿ ಕಾಕಾ ನನ್ನ ಮುಖ ನೋಡಿ, 'ಪಥ್ಯ ಹಿಡಿದೀ?' ಎಂದು ಕೇಳಿದರು. ಹೂಂ ಎಂದೆ. ಹುಣಸೆಬೀಜ ತೆಗೆದೆ, ಹದಿನೇಳು ಬಂತು. ಸೈನಿಕ ಬದುಕಿದ. ಪೋಸ್ಟ್‌ಮನ್ ಎದ್ದು ನನ್ನನ್ನು ತಬ್ಬಿಕೊಂಡ. ಕಳ್ಳತನ ಮಾಡಿ ಬಹುಮಾನ ಪಡೆದ ಹಾಗೆ ನನ್ನ ಕಿವಿ ಬಿಸಿಯಾದವು.

ಅದಾದ ಮುಂದಿನ ಭಾನುವಾರ. ಹತ್ತಿ ಬಿಡಿಸುವ ಕಾಲ, ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಕರೆಂಟ್ ಇರಲಿಲ್ಲ, ನಾವು ಆಡುತ್ತಿದ್ದೆವು. ಹೊರಗೆ ಒಮ್ಮೆಲೇ ಗದ್ದಲವೆದ್ದಿತು. ಅಣ್ಣ ವೈನಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಿರಣಿಯ ಬಾಗಿಲಿಗೆ ಬಂದ. ಹಿಂದೆ ಹದಿನೈದಿಪ್ಪತ್ತು ಜನ. ಎಮ್ಮೆಗೆ ಜೋಳದ ಕಣಿಕೆ ಹಿರಿಯಲು ಹಿತ್ತಲಿನ ಬಣವೆಗೆ ಕೈ ಹಾಕಿದ್ದಾಳೆ, ಒಳಗಿದ್ದ ಮಂಡಲದ ಹಾವು ಬಲಗೈಗೆ ಹಿಡಿದಿದೆ. ಆಗಲೇ ಮುಂಗೈ ಬಾತು ಬಳೆಗಳು ಚರ್ಮದೊಳಗೆ ಹೂತಿದ್ದವು. ಯಾರೋ ತೋಳಿಗೆ ಹಗ್ಗ ಬಿಗಿದಿದ್ದರು.

'ಕಾಕಾ, ಲಗೂ ಹೇಳ್ರಿ! ನಿಮ್ಮನ್ಯಾಗ ನೋಡಿ ಇಲ್ಲಿಗೆ ಬಂದೀವಿ!' ಅಣ್ಣ ಅವಳನ್ನು ಬುಟ್ಟಿಗಳ ನಡುವೆ ಮಲಗಿಸಿದ. ಒಬ್ಬಳು ಬೇವಿನ ಸೊಪ್ಪು ತಂದು ಕಾಕಾನ ಕೈಗೆ ತುರುಕಿದಳು.

'ದವಾಖಾನಿಗೆ ಒಯ್ಯೂಣು ಅಣ್ಣಾ, ಟ್ರ್ಯಾಕ್ಟರ್ ನೋಡೂಣು,' ಎಂದು ನಾನು ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿಷ ಇಳಿಸದೆ ಊರ ಸೀಮೆ ದಾಟಿಸಿದರೆ ಅದು ನೇರ ತಲೆಗೇರುತ್ತದೆ ಎಂಬುದು ನಮ್ಮೂರಿನ ನಂಬಿಕೆ. ಮೊದಲು ಮಂತ್ರ, ಆಮೇಲೆ ದವಾಖಾನೆ. ಮಂತ್ರ ಮುಗಿಯಲು ಮೂರು ತಾಸು. ಅಷ್ಟು ಹೊತ್ತು ಅವಳಿಗೆ ಇದೆಯೇ ಎಂದು ಕೇಳುವವರಿಲ್ಲ.

ಆ ಗಳಿಗೆಯಲ್ಲಿ ನನ್ನೊಳಗೆ ಏನು ನಡೆದಿತ್ತು ಎಂಬುದನ್ನು ಬಿಚ್ಚಿ ಹೇಳಬೇಕು. ವಿಜ್ಞಾನದ ಮಾಸ್ತರ ಎದೆಯಲ್ಲಿ ಒಂದೇ ಮಾತು ಬಡಿದುಕೊಳ್ಳುತ್ತಿದ್ದ: ನಾನು ಪಥ್ಯ ಮುರಿದೆ, ಅದಕ್ಕೇ ಹಾವು ಬಂತು. ಬಡಿಸಿದ ಕೈಗೇ ಕಚ್ಚಿತು. ಬೀಸುಕಲ್ಲು ಹಿಡಿದು ನಿಂತಿದ್ದೆ.

ಕಾಕಾ ಬೇವಿನ ಸೊಪ್ಪನ್ನು ನೋಡಿದರು. ವೈನಿಯ ಕೈ ನೋಡಿದರು. ಆಮೇಲೆ ಸೊಪ್ಪನ್ನು ನೆಲದ ಮೇಲೆ ಇಟ್ಟರು.

'ನನ್ನ ಕಡೆ ಮಂತ್ರ ಇಲ್ಲ. ಹೋಗೈತಿ.'

'ಏನಂದ್ರಿ?' ಅಣ್ಣ ಬಾಯಿ ತೆರೆದುಕೊಂಡು ನಿಂತ.

'ಹೀರಿಕಾಯಿ ತಿಂದೀನಿ. ಹೋದ ಶ್ರಾವಣದಾಗ, ಬೀಗರ ಮನ್ಯಾಗ. ನಾಚಿಗ್ಗೆಟ್ಟು ಯಾರಿಗೂ ಹೇಳಿಲ್ಲ. ಪಥ್ಯ ಮುರದೈತಿ. ಈಗ ನಾ ಊದಿದ್ರೂ ಅದು ಬರೇ ಗಾಳಿ. ಆಕಿನ್ನ ಒಯ್ರಿ.'

ಒಬ್ಬ ಮುದುಕಿ ಕಿರುಚಿದಳು, 'ಅಯ್ಯ, ನಿನ್ನ ನಾಲಿಗಿ ಸೇದಿ ಹೋಗ್ಲಿ! ಒಂದು ಕಾಯಿ ಆಸೆಕ್ಕ ಊರಿನ ಜೀವ ಕಳದೆಲ್ಲೋ!' ಅಣ್ಣ ಕಾಕಾನ ಅಂಗಿಯ ಎದೆ ಹಿಡಿದು ಜಗ್ಗಿದ. ಕಾಕಾ ತಡೆಯಲಿಲ್ಲ. ಪೋಸ್ಟ್‌ಮನ್ ಮಾತ್ರ ಗದ್ದಲದ ಮಧ್ಯೆ ನುಸುಳಿ ಹೊರಗೆ ಓಡಿದ್ದನ್ನು ಕಂಡೆ.

ಅಷ್ಟರಲ್ಲಿ ಕಟ್ಟೆಯ ಹೆಂಗಸರಲ್ಲಿ ಒಬ್ಬಳು ನನ್ನ ಕಡೆ ಕೈ ಮಾಡಿದಳು. 'ಮಾಸ್ತರ ಕಲ್ತಾನಲ್ಲ! ಇದ ಕಾಕಾನ ಮುಂದ ಕುಂತು ಕಲ್ತಾನ, ವಿಷದ ಮಂತ್ರ. ಬದನಿಕಾಯಿ ಬಿಟ್ಟಾನ. ನಾನ ಕಿವಿಯಾರೆ ಕೇಳೀನಿ!'

ಎಲ್ಲ ತಲೆಗಳೂ ನನ್ನತ್ತ ತಿರುಗಿದವು. ಅಣ್ಣ ಕಾಕಾನನ್ನು ಬಿಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ನನ್ನಣ್ಣ ಜನ್ಮದಲ್ಲಿ ಯಾರ ಮುಂದೆಯೂ ಕೈ ಮುಗಿದವನಲ್ಲ. 'ತಮ್ಮಾ, ಹೇಳೋ. ನಿನ್ನ ಕಾಲ ಬೀಳ್ತೀನಿ. ನಿನ್ನ ಸಾಕಿದಾಕಿ ಆಕಿ.'

ಅದು ಆಟ, ಬರೀ ಆಟ ಎಂದು ಹೇಳಲು ಬಾಯಿ ತೆರೆದೆ. ಅಣ್ಣನ ಕಣ್ಣು ನೋಡಿದೆ. ಅವನು ನಂಬುವುದಿಲ್ಲ. ಬೇಕಂತಲೇ ಮುಚ್ಚಿಡುತ್ತಿದ್ದೇನೆ ಅನ್ನುತ್ತಾನೆ, ಕೂಡಿಸಿ ಹೇಳಿಸುತ್ತಾನೆ, ಮೂರು ತಾಸು ಹೋಗುತ್ತದೆ. ಅಂಗಿಯ ಗುಂಡಿ ಹರಿದುಕೊಂಡು ಮೂಲೆಯಲ್ಲಿ ನಿಂತಿದ್ದ ಕಾಕಾ ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು.

'ನಾನೂ ತಿಂದೀನಿ ಅಣ್ಣಾ,' ಎಂದೆ. 'ಬದನಿಕಾಯಿ ತಿಂದೀನಿ. ನನ್ನ ಮಂತ್ರನೂ ಹೋಗೈತಿ.'

'ಸುಳ್ಳ ಹೇಳ್ತಿ!' ಅಣ್ಣ ನನ್ನ ಕೆನ್ನೆಗೆ ಬಾರಿಸಿದ.

ಆಗ ಕೆಳಗಿನಿಂದ ವೈನಿ ಮಾತಾಡಿದಳು. ತುಟಿ ಒಣಗಿ ಮಾತು ತೊದಲುತ್ತಿತ್ತು. 'ಸುಳ್ಳಲ್ಲ. ನಾನ ಬಡಿಸೀನಿ. ಮೂರು ಕಾಯಿ ತಿಂದ. ನನ್ನದ ತಪ್ಪು.'

ಅಣ್ಣನ ಕೈ ಕೆಳಗಿಳಿಯಿತು. ಊರಿನಲ್ಲಿ ಇನ್ನು ಮಂತ್ರವೇ ಇರಲಿಲ್ಲ. ಇದ್ದ ಒಂದೂ ಹೋಗಿತ್ತು, ಇದೆಯೆಂದುಕೊಂಡ ಇನ್ನೊಂದೂ ಹೋಗಿತ್ತು. ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಹತ್ತಿಯ ಅಂಡಿಗೆ ತುಂಬಿಕೊಂಡು ಅಣ್ಣಿಗೇರಿಗೆ ಹೊರಟಿದ್ದ ಗಾಡಿಯನ್ನು ಪೋಸ್ಟ್‌ಮನ್ ಸೈಕಲ್ ಅಡ್ಡ ಹಾಕಿ ನಿಲ್ಲಿಸಿ ತಿರುಗಿಸಿಕೊಂಡು ಬಂದಿದ್ದ. ಅಂಡಿಗೆಗಳ ಮೇಲೆ ವೈನಿಯನ್ನು ಮಲಗಿಸಿದೆವು. ಸೀಮೆಗಲ್ಲು ದಾಟುವಾಗ ಅಣ್ಣ ಕಣ್ಣು ಮುಚ್ಚಿಕೊಂಡ, ನಾನೂ ಮುಚ್ಚಿಕೊಂಡೆ. ದಾಟಿದ ಮೇಲೆ ಅವಳ ಮುಖ ನೋಡಿದರೆ, 'ಎಮ್ಮಿಗೆ ಇನ್ನೂ ನೀರು ಕುಡಿಸಿಲ್ಲ,' ಎಂದಳು.

ತಾಲೂಕಿನ ದವಾಖಾನೆಯಲ್ಲಿ ಡಾಕ್ಟರು ಕೈ ನೋಡಿ, ಕಚ್ಚಿ ಎಷ್ಟು ಹೊತ್ತಾಯಿತು ಎಂದು ಕೇಳಿದರು. ಒಂದೂವರೆ ತಾಸು ಎಂದೆವು. 'ಇನ್ನೆರಡು ತಾಸು ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ,' ಎಂದರು. ಮೂರು ದಿನ ಹಲ್ಲಿನ ಸಂದಿಯಿಂದ ರಕ್ತ ಬರುತ್ತಿತ್ತು. ನಾಲ್ಕನೆಯ ದಿನ ನಿಂತಿತು. ಹನ್ನೆರಡನೆಯ ದಿನ ವೈನಿ ಮನೆಗೆ ಬಂದಳು. ಬಲಗೈಯ ನಡುಬೆರಳು ಮಾತ್ರ ಸೆಟೆದುಕೊಂಡೇ ಉಳಿಯಿತು, ಇವತ್ತಿಗೂ ಮಡಚುವುದಿಲ್ಲ.

ನಾವು ಮತ್ತೆ ಗಿರಣಿಯಲ್ಲಿ ಕೂತಾಗ ಮೂವರೇ. ನನ್ನ ಮಾಂತ್ರಿಕನ ಹೊತ್ತಿಗೆಯಿಂದ ಮೂರನೆಯ ಮಂತ್ರವನ್ನು ಗಿರಣಿಯವನು ಕಾಟು ಹೊಡೆದ. ಸೈನಿಕನನ್ನು ಏನು ಮಾಡುವುದು ಎಂದು ಇಬ್ಬರೂ ಪೋಸ್ಟ್‌ಮನ್‌ನ ಮುಖ ನೋಡಿದೆವು. ಇಲ್ಲದ ಮಂತ್ರದಿಂದ ಬದುಕಿದವನು ಅವನು. 'ಸತ್ತ ಅಂತ ಬರ್ಕೋರಿ,' ಎಂದ ಪೋಸ್ಟ್‌ಮನ್. 'ವೈನಿ ಉಳದ್ರಲ್ಲ, ಸಾಕು.' ತನ್ನ ಕುದುರೆಯನ್ನು ಮಾತ್ರ ಯಾರಿಗೂ ಕೊಡಕೂಡದು ಎಂದು ಷರತ್ತು ಹಾಕಿದ.

ಕಾಕಾ ಬರಲಿಲ್ಲ. ಅವರ ಮನೆಗೂ ಯಾರೂ ಹೋಗುತ್ತಿರಲಿಲ್ಲ. ಚೇಳು ಕಡಿದವರು ಮೊರಬದಲ್ಲಿ ಬೇರೆ ಯಾರನ್ನೋ ಹುಡುಕಿಕೊಂಡರು. ಹೋಟೆಲಿನ ಮುಂದೆ ಅವರು ಹಾದುಹೋದರೆ ಹುಡುಗರು ಹೀರೇಕಾಯಿಯ ಮಾತೆತ್ತಿ ನಗುತ್ತಿದ್ದರು. ನನಗೆ ಮೈ ಉರಿದು ಒಬ್ಬನ ಕಿವಿ ಹಿಂಡಿದೆ. ತಡೆಯಲಾರದೆ ಒಂದು ದಿನ ಅವರ ಮನೆಗೆ ಹೋದೆ. ಕಾಕಾ ಹೊಲದಲ್ಲಿದ್ದರು. ಅವರ ಹೆಂಡತಿ, ನಾನು ಕಾಕು ಎಂದು ಕರೆಯುವವರು, ನನ್ನನ್ನು ಕಂಡದ್ದೇ ಅತ್ತರು.

'ಯಾವ ಬೀಗರ ಮನಿಯೋ ತಮ್ಮಾ? ಹೋದ ಶ್ರಾವಣದಾಗ ನಾವು ಊರು ಬಿಟ್ಟು ಹೋಗೇ ಇಲ್ಲ. ಲಗ್ನಾಗಿ ಬಂದಾಗಿಂದ ಈ ಮನ್ಯಾಗ ಹೀರಿಕಾಯಿ ಬಂದಿಲ್ಲ. ಯಾಕ ಹಂಗಂದ್ರು ಈ ಮನಶ್ಯಾ?'

ನಾನು ನೆಟ್ಟಗೆ ಹೊಲಕ್ಕೆ ಹೋದೆ. ಕಾಕಾ ಬದುವಿನ ಮೇಲೆ ಕೂತಿದ್ದರು. ಕೇಳಿದೆ.

'ನಾಕ ವರ್ಷದ ಹಿಂದ ಒಬ್ಬ ಕೂಲ್ಯಾಂವನ್ನ ತಂದಿದ್ರು. ಇಂಥಾದ ಹಾವು,' ಎಂದರು. 'ನಾ ಮೂರು ತಾಸು ಹೇಳ್ದೆ. ನನ್ನ ತೊಡಿಮ್ಯಾಲ ಸತ್ತ. ಅವನ ಆಯುಷ್ಯ ಮುಗದಿತ್ತು ಅಂದ್ರು ಎಲ್ಲಾರೂ. ನನಗ ಗೊತ್ತಿತ್ತು. ಚೇಳಿಂದು ಬ್ಯಾರೆ, ಅದು ಸುಮ್ಮನಿದ್ರೂ ಇಳೀತೈತಿ. ಆಮ್ಯಾಲ ಬಂದವರಿಗೆ ದವಾಖಾನಿಗೆ ಹೋಗ್ರಿ ಅಂತ ಹೇಳಿ ನೋಡ್ದೆ. ಕಾಕಾಗ ಸಿಟ್ಟು ಬಂದೈತಿ ಅಂತ ಮತ್ತಷ್ಟು ಕಾಲ ಹಿಡೀತಿದ್ರು. ಮಂತ್ರ ಇಲ್ಲ ಅಂದ್ರಷ್ಟ ಕೇಳ್ತಾರ.'

'ಹಂಗಾರ ಮಂತ್ರಕ್ಕ ಶಕ್ತಿ ಇಲ್ಲಾ ಅಂತ ಗೊತ್ತಿದ್ದೂ ಹೀರಿಕಾಯಿ ಯಾಕ ಬಿಟ್ಟಿದ್ರಿ?'

ಕಾಕಾ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. 'ಕಲಿಸಿದ ಮುದುಕಿಗೆ ಮಾತು ಕೊಟ್ಟೀನಲ್ಲೋ. ಆಕಿ ಇಲ್ಲ, ಮಾತು ಐತಿ.' ಆಮೇಲೆ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದರು. 'ನಿಮ್ಮಣ್ಣಗ ಹೇಳಬ್ಯಾಡ. ಮಂತ್ರ ಇದ್ದೂ ಹೇಳಲಿಲ್ಲ ಅಂತ ತಿಳದ್ರ ಜೀವ ಇರೂತನಕ ನನ್ನ ಮುಖ ನೋಡೂದಿಲ್ಲ. ಊರಿಗೂ ತಿಳೀಬಾರ್ದು. ಮತ್ತ ನನ್ನ ಬಾಗಲಾಗ ತಂದು ಮಲಗಸ್ತಾರ.'

ನಾನು ಮಾತು ಕೊಟ್ಟೆ. ಪಥ್ಯ ಮುರಿದವನ ಮಾತು.

ಮಳೆಗಾಲ ಬಂತು. ವೈನಿ ಹಿತ್ತಲ ಬೇಲಿಗೆ ಒಂದು ಬಳ್ಳಿ ಹಬ್ಬಿಸಿದ್ದಳು. ಎಲೆ ನೋಡಿದರೂ ನಾನು ಗಮನ ಕೊಟ್ಟಿರಲಿಲ್ಲ. ಒಂದು ಸೋಮವಾರ ಅಣ್ಣ ತಾನೇ ಹೋಗಿ ಕಾಕಾನನ್ನು ಊಟಕ್ಕೆ ಕರೆದುಕೊಂಡು ಬಂದ. ಕಾಕಾ ಮಂತ್ರ ಇಲ್ಲ ಅಂದದ್ದರಿಂದಲೇ ಹೊತ್ತಿಗೆ ಸರಿಯಾಗಿ ದವಾಖಾನೆ ಮುಟ್ಟಿದೆವು ಎಂಬುದು ಅವನಿಗೂ ವೈನಿಗೂ ತಿಳಿದು ಸಿಟ್ಟು ಇಳಿದಿತ್ತು. ಅಂಗಿ ಹಿಡಿದು ಜಗ್ಗಿದ್ದಕ್ಕೆ ಅವನಿಗೆ ಪಶ್ಚಾತ್ತಾಪವಿತ್ತು. ಕಾಕಾನನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕಂಡು ನನಗೆ ಖುಷಿಯಾಯಿತು. ವೈನಿ ತಾಟು ತಂದಿಟ್ಟಳು. ರೊಟ್ಟಿ, ಮೊಸರು, ಗುರೆಳ್ಳು ಚಟ್ನಿ. ಆಮೇಲೆ ಒಳಗಿಂದ ಬೋಗುಣಿ ಹಿಡಿದು ಬಂದು, ಸೆಟೆದ ಬೆರಳಿನ ಕೈಯಿಂದಲೇ ಸೌಟು ತುಂಬ ಬಡಿಸಿದಳು. ಹೀರೇಕಾಯಿ ಪಲ್ಯ.

'ನಮ್ಮ ಬಳ್ಳಿದ ಮೊದಲ ಕಾಯ್ರಿ ಕಾಕಾ,' ಎಂದಳು. 'ನಿಮಗ ಭಾಳ ಸೇರ್ತೈತಲ್ಲ. ನಿಮ್ಮ ಸಲುವಾಗೇ ಹಚ್ಚೇನಿ. ಇನ್ನೇನು ಪಥ್ಯ ಇಲ್ಲಲ್ಲ, ಹೊಟ್ಟಿತುಂಬ ಉಣ್ರಿ.'

ಅವಳ ಮುಖದಲ್ಲಿ ಕಪಟವಿರಲಿಲ್ಲ. ತನ್ನ ಜೀವ ಉಳಿಯಲು ಕಾರಣರಾದವರಿಗೆ, ಅವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತಿದ್ದಳು, ಅಷ್ಟೇ. ಅಣ್ಣ ಎದುರು ಕೂತು ನೋಡುತ್ತಿದ್ದ. ಕಾಕಾನ ಕೈ ತಾಟಿನ ಅಂಚಿನಲ್ಲಿ ನಿಂತಿತು. ಒಂದು ಮಾತು ಹೇಳಿದರೆ ಸಾಕು, ಮೂವತ್ತೈದು ವರ್ಷದ ಪಥ್ಯ ಉಳಿಯುತ್ತದೆ. ಹೇಳಿದರೆ ಅಣ್ಣನಿಗೆ ಎಲ್ಲ ತಿಳಿಯುತ್ತದೆ.

'ವೈನಿ, ಕಾಕಾಗ...' ಎಂದು ಶುರುಮಾಡಿದೆ.

'ಸುಮ್ನ ಉಣ್ಣಲೇ ಮಾಸ್ತರ,' ಎಂದರು ಕಾಕಾ. ನನ್ನ ಕಡೆ ನೋಡಲಿಲ್ಲ. ರೊಟ್ಟಿ ಮುರಿದರು. ಪಲ್ಯ ಹಿಡಿದರು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದರು. ಊಟಕ್ಕೆ ಮುಂಚಿನ ದೇವರ ನೆನಪೆಂದು ಅಣ್ಣ ತಿಳಿದಿರಬೇಕು. ಅವರು ಕ್ಷಮೆ ಕೇಳಿದ್ದು ಆ ಮುದುಕಿಯನ್ನು ಎಂದು ನನಗೆ ಗೊತ್ತು. ತುತ್ತು ಬಾಯಿಗಿಟ್ಟರು. ನಿಧಾನ ಅಗಿದು ನುಂಗಿದರು.

'ಹೆಂಗಾಗೈತ್ರಿ?' ಎಂದಳು ವೈನಿ.

'ಅಗದಿ ಛಲೋ ಆಗೈತವ್ವಾ. ಇನ್ನೊಂದೀಟು ಹಾಕು.'

ವೈನಿ ಹಿಗ್ಗಿ ಮತ್ತೊಂದು ಸೌಟು ಹಾಕಿದಳು. ಅಣ್ಣ ತೊಡೆ ತಟ್ಟಿ ನಕ್ಕ. 'ಇಷ್ಟು ರುಚಿ ಐತಿ ಅಂದ್ರ ಮತ್ತ, ಮಂತ್ರ ಬಿಡಲಾರ್ದ ಏನ್ ಮಾಡ್ಯಾರು!'

ಕಾಕಾನೂ ನಕ್ಕರು. ನಾನು ನೀರು ತರುವ ನೆವದಲ್ಲಿ ಎದ್ದು ಹಿತ್ತಲಿಗೆ ಹೋದೆ.